ಕಾರ್ಡ್ ಯಾರ ಕೈಯಲ್ಲಿದೆ?

ನಾನು ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳಿಗೆ ಆಪ್ತಸಲಹೆ ನೀಡುವವಳು. ಪರೀಕ್ಷಾ ಶುಲ್ಕ ಕಟ್ಟುವ ಕೊನೆಯ ವಾರ ನನ್ನ ಕೊಠಡಿಯ ಮುಂದಿನ ಬೆಂಚು ಖಾಲಿ ಇರುವುದಿಲ್ಲ. ವಿಭಾಗದಿಂದ ಚೀಟಿ ಹಿಡಿದು ಬಂದವರು, ಗೆಳತಿಯರು ಕೈಹಿಡಿದು ಕರೆತಂದವರು, ಬಾಗಿಲವರೆಗೆ ಬಂದು ಹಿಂದಿರುಗಿ ಮತ್ತೆ ಬಂದವರು, ಎಲ್ಲರೂ ಅಲ್ಲಿರುತ್ತಾರೆ. ಅವರಲ್ಲಿ ಒಂದು ಗುಂಪು ಈಚೆಗೆ ನನ್ನನ್ನು ಬಹಳ ಕಾಡುತ್ತಿದೆ. ವಿಶ್ವವಿದ್ಯಾಲಯದ ‘ಕಲಿಕೆಯ ಜೊತೆ ಗಳಿಕೆ’ ಯೋಜನೆಯಲ್ಲಿ ಕೆಲಸ ಮಾಡುವ ಮಕ್ಕಳು ಅವರು. ಗ್ರಂಥಾಲಯದಲ್ಲೋ, ಪ್ರಯೋಗಾಲಯದಲ್ಲೋ, ಯಾವುದೋ ಕಚೇರಿಯ ಕಂಪ್ಯೂಟರ್ ಮುಂದೆಯೋ ದಿನಕ್ಕೆ ಎರಡು ಮೂರು ಗಂಟೆ ದುಡಿಯುತ್ತಾರೆ. ತಿಂಗಳು ತಿಂಗಳು ಹಣ ಖಾತೆಗೆ ಬೀಳುತ್ತದೆ. ಆದರೂ ಶುಲ್ಕ ಬಾಕಿ. ದುಡಿದದ್ದು ಎಲ್ಲಿ ಹೋಯಿತು ಎಂದು ಕೇಳಿದರೆ ತಲೆ ತಗ್ಗಿಸುತ್ತಾರೆ.

ಒಬ್ಬಿಬ್ಬರಾಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಈ ಸೆಮಿಸ್ಟರ್‌ನಲ್ಲಿ ಮೂರನೆಯವಳಾಗಿ ಬಂದ ಹುಡುಗಿಯ ಕಥೆಯನ್ನು ಇಲ್ಲಿ ಹೇಳುತ್ತೇನೆ. ಅವಳ ಅನುಮತಿ ಕೇಳಿದ್ದೇನೆ, ಬರೆದದ್ದನ್ನು ಓದಲು ಕೊಟ್ಟಿದ್ದೇನೆ. ಎರಡು ಕಡೆ ಅವಳು ಗೆರೆ ಎಳೆದಳು, ಆ ಭಾಗ ತೆಗೆದಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಹೆಸರು ಇಡುವುದು ಬೇಡ, ಹುಡುಗಿ ಎಂದರೆ ಸಾಕು.

ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿಯ ಎರಡನೆಯ ವರ್ಷ. ತಂದೆ ಇಲ್ಲ. ಮನೆಯಲ್ಲಿ ಅವ್ವ, ಅಣ್ಣ, ಅತ್ತಿಗೆ, ಅವರದೊಂದು ಮಗು. ಪದವಿಯಲ್ಲಿ ಒಳ್ಳೆಯ ಅಂಕ ಪಡೆದವಳು. ಹಾಜರಾತಿ 75 ಶೇಕಡಕ್ಕಿಂತ ಕೆಳಗಿಳಿದಿದೆ, ಒಂದು ಸೆಮಿಸ್ಟರ್‌ನ ಶುಲ್ಕ ಬಾಕಿ ಇದೆ, ಕೇಳಿದರೆ ಅಳುತ್ತಾಳೆ ಎಂದು ವಿಭಾಗದ ಅಧ್ಯಾಪಕರೊಬ್ಬರು ಕಳುಹಿಸಿದ್ದರು. ಗ್ರಂಥಾಲಯದಲ್ಲಿ ಅವಳಿಗೆ ಹೊಸ ಪುಸ್ತಕಗಳ ಬೆನ್ನಿಗೆ ಸಂಖ್ಯೆಯ ಚೀಟಿ ಅಂಟಿಸುವ ಕೆಲಸ. ಅದು ಮುಗಿದ ಮೇಲೆ ಓದುಗರು ಮೇಜಿನ ಮೇಲೆ ಬಿಟ್ಟುಹೋದ ಪುಸ್ತಕಗಳನ್ನು ಕಪಾಟಿಗೆ ಸೇರಿಸುವುದು. ಉಗುರಿನ ಸಂದಿಯಲ್ಲಿ ಅಂಟು ಒಣಗಿ ಬೆಳ್ಳಗೆ ಕೂತಿತ್ತು. ಮಾತನಾಡುವಾಗ ನನ್ನ ಮುಖ ನೋಡದೆ ಅದನ್ನೇ ಕೆರೆಯುತ್ತಿದ್ದಳು.

ಮೊದಲ ಎರಡು ಭೇಟಿಗಳಲ್ಲಿ ನಾನು ವಿಷಯವನ್ನು ತಪ್ಪಾಗಿ ಗ್ರಹಿಸಿದೆ. ಬೆಳಿಗ್ಗೆ ಗ್ರಂಥಾಲಯ, ಮಧ್ಯೆ ತರಗತಿ, ಸಂಜೆ ಮತ್ತೆ ಗ್ರಂಥಾಲಯ, ರಜೆಯಲ್ಲಿರುವ ಇನ್ನೊಬ್ಬಳ ಬದಲಿಗೆ ಭಾನುವಾರವೂ ಕೆಲಸ, ಸಾಲದೆಂಬಂತೆ ರಾತ್ರಿ ಇಬ್ಬರು ಶಾಲಾ ಮಕ್ಕಳಿಗೆ ಪಾಠ. ಹೀಗೆ ದುಡಿದರೆ ಯಾರಿಗಾದರೂ ನಿದ್ದೆ ಕೆಡುತ್ತದೆ, ಓದು ಕೆಡುತ್ತದೆ. ದುಡಿಮೆ ಹೆಚ್ಚಾಗಿದೆ, ಕಡಿಮೆ ಮಾಡಿಕೋ ಎಂದೆ. ಅವಳು ತಲೆಯಾಡಿಸಿದಳು. ಮುಂದಿನ ವಾರ ಬಂದಾಗ ಪಾಠ ಹೇಳುವ ಮಕ್ಕಳು ಇಬ್ಬರಿದ್ದದ್ದು ಮೂವರಾಗಿದ್ದರು.

ನಾನು ಒಳಗೊಳಗೇ ಸಿಟ್ಟಾದೆ. ಹೇಳಿದ್ದನ್ನು ಕೇಳದೆ ಇರುವುದಕ್ಕೆ ಇಲ್ಲಿಗೆ ಏಕೆ ಬರುತ್ತಾಳೆ ಎಂದು ಅನ್ನಿಸಿತು. ಇಂಥ ಸಿಟ್ಟು ಬಂದಾಗಲೆಲ್ಲ ಕೇಳಬೇಕಾದ ಪ್ರಶ್ನೆಯನ್ನು ನಾನೇ ಕೇಳಿಲ್ಲ ಎಂದು ಅರ್ಥ. ಅಷ್ಟು ತಿಳಿಯಲು ನನಗೆ ಇನ್ನೂ ಒಂದು ವಾರ ಬೇಕಾಯಿತು.

ಮೂರನೆಯ ಭೇಟಿ ತಿಂಗಳ ಮೊದಲ ವಾರದಲ್ಲಿತ್ತು. ಅವಳು ಮೊಬೈಲನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟಿದ್ದಳು. ಹಾಸ್ಟೆಲ್ ಊಟದ ವಿಷಯ ಏನೋ ಮಾತನಾಡುತ್ತಿದ್ದೆವು. ಮೊಬೈಲ್ ಒಮ್ಮೆ ಗುರ್ರೆಂದಿತು. ತಿರುಗಿಸಿ ನೋಡಿದಳು, ಮುಖ ಸ್ವಲ್ಪ ಅರಳಿತು, ಮತ್ತೆ ಬೋರಲಾಗಿಟ್ಟಳು. ಇನ್ನೊಂದು ಅರ್ಧ ಗಂಟೆ ಕಳೆದಿರಬೇಕು. ಮತ್ತೆ ಗುರ್ರೆಂದಿತು. ಈ ಸಲ ತಿರುಗಿಸಿ ನೋಡಲಿಲ್ಲ. ಅಂಗೈಯನ್ನು ಅದರ ಮೇಲಿಟ್ಟು ಒತ್ತಿ ಹಿಡಿದಳು, ಸದ್ದು ಹೊರಗೆ ಬಾರದ ಹಾಗೆ.

“ಯಾರಮ್ಮಾ ಅದು?”

“ಯಾರೂ ಅಲ್ಲ ಮೇಡಂ. ಬ್ಯಾಂಕಿನ ಸಂದೇಶ.”

“ನೋಡಬಾರದೇ?”

“ಏನಿದೆ ಎಂದು ಗೊತ್ತು ಮೇಡಂ.”

ಸ್ವಲ್ಪ ಹೊತ್ತು ನಾನೂ ಸುಮ್ಮನಿದ್ದೆ. ಆಮೇಲೆ ಅವಳೇ ಮೊಬೈಲನ್ನು ನನ್ನ ಕಡೆಗೆ ತಳ್ಳಿದಳು. ಎರಡು ಸಂದೇಶಗಳಿದ್ದವು. 10:42ಕ್ಕೆ ಗ್ರಂಥಾಲಯದ ತಿಂಗಳ ಹಣ ಜಮೆ. 11:19ಕ್ಕೆ ಎಟಿಎಂನಿಂದ ಅದೇ ಹಣ ತೆಗೆದದ್ದು. ನೂರರ ಕೆಳಗಿನ ಚಿಲ್ಲರೆ ಯಂತ್ರದಿಂದ ಬರುವುದಿಲ್ಲವಲ್ಲ, ಅಷ್ಟು ಮಾತ್ರ ಉಳಿದಿತ್ತು. ಅವಳು ಬೆರಳಿನಿಂದ ಮೇಲಕ್ಕೆ ಸರಿಸಿ ಹಿಂದಿನ ತಿಂಗಳು ತೋರಿಸಿದಳು, ಅದರ ಹಿಂದಿನದು, ಅದರ ಹಿಂದಿನದು. ಏಳು ತಿಂಗಳ ಸಂದೇಶಗಳು ಜೋಡಿ ಜೋಡಿಯಾಗಿ ಕೂತಿದ್ದವು. ಒಂದು ತಿಂಗಳೂ ಹಣ ಖಾತೆಯಲ್ಲಿ ರಾತ್ರಿ ಕಳೆದಿರಲಿಲ್ಲ.

ಕಾರ್ಡ್ ಅಣ್ಣನ ಹತ್ತಿರ ಇತ್ತು. ಪಿಯುಸಿಯಲ್ಲಿದ್ದಾಗ ವಿದ್ಯಾರ್ಥಿವೇತನಕ್ಕೆಂದು ತೆರೆದ ಖಾತೆ ಅದು. ಆಗ ಕಾರ್ಡನ್ನು ಮನೆಯಲ್ಲಿ ದೇವರ ಗೂಡಿನಲ್ಲಿಟ್ಟಿದ್ದರು, ಕಳೆದುಹೋಗದಿರಲಿ ಎಂದು. ಪಿನ್ ಸಂಖ್ಯೆ ಎಲ್ಲರಿಗೂ ಗೊತ್ತು. ವಿಶ್ವವಿದ್ಯಾಲಯದಲ್ಲಿ ಕೆಲಸಕ್ಕೆ ಸೇರುವಾಗ ಅರ್ಜಿಯಲ್ಲಿ ಖಾತೆ ಸಂಖ್ಯೆ ಕೇಳಿದರು, ಇದ್ದ ಒಂದೇ ಖಾತೆಯನ್ನು ಬರೆದುಕೊಟ್ಟಳು. ಯಾರೂ ಮೋಸ ಮಾಡಲು ಹೊರಟವರಲ್ಲ. ಯಾರೂ ಕೂತು ತೀರ್ಮಾನ ಮಾಡಿದ್ದೂ ಅಲ್ಲ.

“ಅಣ್ಣ ಕದಿಯುತ್ತಿಲ್ಲ ಮೇಡಂ,” ಎಂದು ನಾನು ಬಾಯಿ ತೆರೆಯುವ ಮೊದಲೇ ಹೇಳಿದಳು. “ಅವ್ವನ ಬಿಪಿ, ಸಕ್ಕರೆ ಮಾತ್ರೆಗೆ ಬೇಕು. ಮಗುವಿಗೆ ಹಾಲು ಬೇಕು. ಅಣ್ಣನಿಗೆ ಕೆಲಸ ವರ್ಷವಿಡೀ ಇರುವುದಿಲ್ಲ. ಮೊದಲ ಸಲ ತೆಗೆದಾಗ ನನ್ನನ್ನು ಕೇಳಿದ, ನಾನೇ ಹೂಂ ಎಂದೆ. ಆಮೇಲೆ ಕೇಳುವುದು ಬಿಟ್ಟ.”

“ನಿನಗೆ ಈ ಕೆಲಸವನ್ನು ಏಕೆ ಕೊಟ್ಟರು?”

“ಗ್ರಂಥಾಲಯದಲ್ಲಿ ಜನ ಕಡಿಮೆ ಇದ್ದರು.”

“ಜನ ಬೇಕಾಗಿದ್ದರೆ ಹೊರಗಿನಿಂದ ತೆಗೆದುಕೊಳ್ಳಬಹುದಿತ್ತು. ನಿನಗೇ ಏಕೆ ಕೊಟ್ಟರು?”

ಬಹಳ ಹೊತ್ತು ಉಗುರು ಕೆರೆದಳು. “ಶುಲ್ಕ ಕಟ್ಟಿಕೊಳ್ಳಲಿ ಎಂದು,” ಎಂದಳು. ಆಮೇಲೆ, ನಾನು ಕೇಳದೆಯೇ, ತಗ್ಗಿದ ದನಿಯಲ್ಲಿ ಹೇಳಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. “ಮೊದಲು ಊರಿಗೆ ಹೋದರೆ ‘ಓದುವ ಹುಡುಗಿ’ ಎಂದು ಅವ್ವ ನನ್ನ ಕೈಗೆ ಪಾತ್ರೆ ಕೊಡುತ್ತಿರಲಿಲ್ಲ. ಅಣ್ಣ ಪರೀಕ್ಷೆ ಯಾವಾಗ ಎಂದು ಕೇಳುತ್ತಿದ್ದ. ಈಗ ಫೋನ್ ಮಾಡಿದರೆ ಸಂಬಳ ಯಾವಾಗ ಎಂದು ಕೇಳುತ್ತಾನೆ. ನಾನು ದುಡಿಯುತ್ತೇನೆ ಎಂದು ಗೊತ್ತಾದ ದಿನದಿಂದ ನಾನು ಓದಲು ಬಂದವಳು ಎನ್ನುವುದೇ ಮನೆಯಲ್ಲಿ ಮರೆತುಹೋಗಿದೆ ಮೇಡಂ.”

ಅವಳು ಅಳಲಿಲ್ಲ. ಮೂರು ಭೇಟಿಗಳಲ್ಲಿ ಅಳದೆ ಹೇಳಿದ ಮೊದಲ ಮಾತು ಅದು.

ದುಡಿಮೆ ಕಡಿಮೆ ಮಾಡು ಎಂದ ನನ್ನ ಸಲಹೆ ಅವಳಿಗೆ ಏಕೆ ಹಿಡಿಸಲಿಲ್ಲ ಎನ್ನುವುದು ಆಗ ಅರ್ಥವಾಯಿತು. ಗ್ರಂಥಾಲಯದ ಹಣ ಮನೆಗೆ ಹೋಗುತ್ತಿತ್ತು. ಶುಲ್ಕಕ್ಕೆ ಬೇರೆ ಹಣ ಬೇಕಿತ್ತು, ಅದಕ್ಕಾಗಿ ಮಕ್ಕಳಿಗೆ ಪಾಠ. ಪಾಠದ ಹಣ ಮೆಸ್ ಬಿಲ್ಲಿಗೇ ಮುಗಿಯುತ್ತಿತ್ತು, ಶುಲ್ಕ ಹಾಗೆಯೇ ಉಳಿಯುತ್ತಿತ್ತು. ಸೋರುವ ಕೊಡಕ್ಕೆ ಇನ್ನಷ್ಟು ನೀರು ಹೊಯ್ಯುತ್ತಿದ್ದಳು. ನಾನು ನೀರು ಕಡಿಮೆ ಹೊಯ್ಯಿ ಎನ್ನುತ್ತಿದ್ದೆ.

ಅಂದು ಮತ್ತು ಅದರ ಮುಂದಿನ ವಾರ ಕೊಟ್ಟ ಸಲಹೆಯನ್ನು ಇದ್ದದ್ದು ಇದ್ದಂತೆ ಹೇಳುತ್ತೇನೆ, ಏಕೆಂದರೆ ಅದರ ಬಗ್ಗೆ ಆಕ್ಷೇಪಗಳು ಬಂದಿವೆ.

ಮೊದಲನೆಯದಾಗಿ, ಈ ತಿಂಗಳಿಂದ ಗ್ರಂಥಾಲಯದ ಹಣ ಖಾತೆಗೆ ಬರುವುದೇ ಬೇಡ, ಬಾಕಿ ಶುಲ್ಕಕ್ಕೆ ನೇರವಾಗಿ ಹೊಂದಿಸಿಕೊಳ್ಳಿ ಎಂದು ಹಣಕಾಸು ಅಧಿಕಾರಿಗೆ ಅರ್ಜಿ ಬರೆಯಲು ಹೇಳಿದೆ. ಅಂಥ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಅರ್ಜಿ ಹಿಡಿದು ಕುಲಸಚಿವರ ಕಚೇರಿಗೂ ಹಣಕಾಸು ವಿಭಾಗಕ್ಕೂ ನಾಲ್ಕು ಸಲ ನಡೆದೆವು. ವಿದ್ಯಾರ್ಥಿನಿಯ ಲಿಖಿತ ಒಪ್ಪಿಗೆ ಇದ್ದರೆ ಅಡ್ಡಿಯಿಲ್ಲ ಎಂದು ಕೊನೆಗೆ ಒಪ್ಪಿದರು. ಒಪ್ಪಿಗೆ ಪತ್ರವನ್ನು ಅವಳೇ ಬರೆಯಬೇಕೆಂದು ನಾನು ಹಟ ಹಿಡಿದೆ. ಬರೆಯುವಾಗ ‘ನನ್ನ ಶುಲ್ಕಕ್ಕೆ’ ಎಂಬ ಪದದ ಹತ್ತಿರ ಪೆನ್ನು ನಿಲ್ಲಿಸಿ, ಸ್ವಲ್ಪ ಯೋಚಿಸಿ, ಮುಂದೆ ಬರೆದಳು.

ಇನ್ನೊಂದು, ಅವಳ ಹೆಸರಿನಲ್ಲೇ ಹೊಸ ಖಾತೆ ತೆರೆಯುವುದು, ಕಾರ್ಡ್ ಮತ್ತು ಪಿನ್ ಅವಳ ಹತ್ತಿರವೇ ಇರುವುದು. ಗುಟ್ಟಾಗಿ ಮಾಡುವುದು ಬೇಡ ಎಂದೆ. ಇದೇ ಅವಳಿಗೆ ಎಲ್ಲಕ್ಕಿಂತ ಕಷ್ಟವಾದದ್ದು. ಸದ್ದಿಲ್ಲದೆ ಖಾತೆ ಬದಲಿಸಿ, ಸಂಬಳ ಬಂದಿಲ್ಲ ಎಂದು ಸುಳ್ಳು ಹೇಳುವುದು ಅವಳಿಗೆ ಸುಲಭವಾಗಿತ್ತು, ಹಾಗೆ ಮಾಡಲೇ ಎಂದು ಕೇಳಿಯೂ ಕೇಳಿದಳು. ಬೇಡ ಎಂದೆ. ಇಂದು ಹೇಳಿದ ಸುಳ್ಳನ್ನು ಪದವಿ ಮುಗಿಯುವವರೆಗೆ ತಿಂಗಳು ತಿಂಗಳು ಹೇಳುತ್ತಾ ಹೋಗಬೇಕಾಗುತ್ತದೆ. ಓದಿಗೆ ಬೇಕಾದ ನೆಮ್ಮದಿ ಅದರಲ್ಲೇ ಕರಗುತ್ತದೆ.

ಹಾಗಾಗಿ ನನ್ನ ಕೊಠಡಿಯಿಂದಲೇ ಅಣ್ಣನಿಗೆ ಫೋನ್ ಮಾಡಿದಳು. ಏನು ಹೇಳಬೇಕೆಂದು ಮೊದಲೇ ಮೂರು ಸಾಲು ಬರೆದಿಟ್ಟುಕೊಂಡಿದ್ದಳು. ಎರಡನೆಯ ಸಾಲು ಮುಗಿಯುವಷ್ಟರಲ್ಲಿ ಅಣ್ಣ, “ಯಾರು ಹೇಳಿಕೊಟ್ಟರು ನಿನಗೆ?” ಎಂದರು. ಅವಳು ಸ್ಪೀಕರ್ ಹಾಕಿ ನನ್ನತ್ತ ನೋಡಿದಳು. ನಾನು ಹೆಸರು ಹೇಳಿ, ಇಲ್ಲಿ ಆಪ್ತಸಲಹೆ ನೀಡುವವಳು ಎಂದು ಪರಿಚಯ ಮಾಡಿಕೊಂಡೆ.

ಆತ ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು. “ಮೇಡಂ, ಓದು ಮುಗಿದ ಮೇಲೆ ಹೇಗೂ ಮನೆಗೆ ಕೊಡುತ್ತಾಳಲ್ಲ, ಈಗಲೇ ಸ್ವಲ್ಪ ಕೊಟ್ಟರೆ ಏನು ತಪ್ಪು? ಅವಳನ್ನು ಪಿಯುಸಿವರೆಗೆ ನಾನೇ ಓದಿಸಿದೆ. ನಾನು ಎಸ್ಸೆಸ್ಸೆಲ್ಸಿಗೆ ಬಿಟ್ಟೆ,” ಎಂದರು. ಆ ಮಾತಿಗೆ ನನ್ನಲ್ಲಿ ತಕ್ಷಣ ಉತ್ತರ ಇರಲಿಲ್ಲ. ಸ್ವಲ್ಪ ತಡೆದು, “ಈ ಸೆಮಿಸ್ಟರ್ ಶುಲ್ಕ ಕಟ್ಟದಿದ್ದರೆ ಪರೀಕ್ಷೆಗೆ ಪ್ರವೇಶಪತ್ರ ಬರುವುದಿಲ್ಲ. ಪರೀಕ್ಷೆ ಬರೆಯದಿದ್ದರೆ ಈ ಕೆಲಸವೂ ಇರುವುದಿಲ್ಲ, ಇದು ವಿದ್ಯಾರ್ಥಿಗಳಿಗೆ ಮಾತ್ರ ಇರುವ ಕೆಲಸ. ನಿಮಗೆ ಇದು ಗೊತ್ತಿತ್ತೇ?” ಎಂದು ಕೇಳಿದೆ. ಗೊತ್ತಿರಲಿಲ್ಲ. ತಂಗಿಗೆ ವಿಶ್ವವಿದ್ಯಾಲಯದಲ್ಲಿ ಕೆಲಸ ಸಿಕ್ಕಿದೆ ಎಂದಷ್ಟೇ ಅವರಿಗೆ ಗೊತ್ತಿದ್ದದ್ದು. ಅರೆಕಾಲಿಕ, ವಾರಕ್ಕೆ ಇಂತಿಷ್ಟೇ ಗಂಟೆ, ಓದುವವರೆಗೆ ಮಾತ್ರ ಎಂಬುದನ್ನು ಅವಳು ಹೇಳಿರಲಿಲ್ಲ. ಕೆಲಸ ಸಿಕ್ಕ ಸುದ್ದಿಗೆ ಮನೆಯಲ್ಲಾದ ಸಂತೋಷ ಕಂಡು, ವಿವರಿಸುವ ಮನಸ್ಸಾಗಲಿಲ್ಲವಂತೆ.

“ಆಯಿತು ಮೇಡಂ,” ಎಂದು ಫೋನ್ ಇಟ್ಟರು. ಆ ‘ಆಯಿತು’ ಒಪ್ಪಿಗೆಯದಾಗಿರಲಿಲ್ಲ.

ಅವ್ವನ ಮಾತ್ರೆಯ ವಿಷಯ ನನ್ನನ್ನು ಕಾಡುತ್ತಿತ್ತು. ಶುಲ್ಕ ಕಟ್ಟಿ ಮಾತ್ರೆ ನಿಲ್ಲಿಸು ಎಂದು ಯಾವ ಸಲಹೆಗಾರರೂ ಹೇಳಲಾರರು, ಹೇಳಬಾರದು. ಮನೆಯ ಖರ್ಚಿನಲ್ಲಿ ಎಷ್ಟು ಪಾಲು ಮಾತ್ರೆಗೆ, ಎಷ್ಟು ಬೇರೆಯದಕ್ಕೆ ಎಂದು ಬರೆದು ನೋಡಲು ಹೇಳಿದೆ. ಅವ್ವ ಖಾಸಗಿ ಅಂಗಡಿಯಿಂದ ದುಬಾರಿ ಕಂಪನಿಯ ಮಾತ್ರೆ ಕೊಳ್ಳುತ್ತಿದ್ದರು. ರಕ್ತದೊತ್ತಡಕ್ಕೂ ಸಕ್ಕರೆ ಕಾಯಿಲೆಗೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಪಾಸಣೆ ಮಾಡಿ ಮಾತ್ರೆಯನ್ನು ಉಚಿತವಾಗಿ ಕೊಡುತ್ತಾರೆ. ಅಲ್ಲಿ ಇಲ್ಲದ್ದು ಜನೌಷಧಿ ಕೇಂದ್ರದಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ವೈದ್ಯರನ್ನು ಕೇಳದೆ ಮಾತ್ರೆ ಬದಲಿಸಬೇಡಿ ಎಂದು ಒತ್ತಿ ಹೇಳಿ, ಅತ್ತಿಗೆಯ ಜೊತೆ ಅವ್ವನನ್ನು ಆರೋಗ್ಯ ಕೇಂದ್ರಕ್ಕೆ ಕಳುಹಿಸಲು ಸೂಚಿಸಿದೆ. ಅತ್ತಿಗೆ ಮರುದಿನವೇ ಕರೆದುಕೊಂಡು ಹೋದರು. ಈ ಇಡೀ ಪ್ರಕರಣದಲ್ಲಿ ಸದ್ದಿಲ್ಲದೆ ಕೆಲಸ ಮಾಡಿದವರು ಆ ಅತ್ತಿಗೆ.

ರಾತ್ರಿಯ ಪಾಠ ಬಿಡು ಎಂದು ನಾನು ಈ ಸಲ ಹೇಳಲಿಲ್ಲ. ಆ ಹಣದಲ್ಲಿ ತಿಂಗಳಿಗೆ ಒಂದು ಸಣ್ಣ ಮೊತ್ತವನ್ನು, ತಾನೇ ನಿರ್ಧರಿಸಿದಷ್ಟನ್ನು, ಅವ್ವನ ಹೆಸರಿಗೆ ಕಳುಹಿಸುತ್ತೇನೆ ಎಂದು ಅವಳೇ ಹೇಳಿದಳು. ಎಷ್ಟು ಎಂದು ನಾನು ಕೇಳಲಿಲ್ಲ.

ಇನ್ನು ಆಕ್ಷೇಪದ ಮಾತು. ನನಗಿಂತ ಹಿರಿಯರಾದ ಸಹೋದ್ಯೋಗಿಯೊಬ್ಬರು, “ಹೆತ್ತ ತಾಯಿಗೆ ಹಣ ಕೊಡಬೇಡ ಎಂದು ಹೇಳಿಕೊಡುವುದೇ ಆಪ್ತಸಲಹೆಯೇ? ನಾವು ಓದುವಾಗ ಮನೆಗೆ ಕಳುಹಿಸಲಿಲ್ಲವೇ?” ಎಂದರು. ಅವರ ಬಗ್ಗೆ ನನಗೆ ಗೌರವವಿದೆ. ಅವರು ನಿಜವಾಗಿಯೂ ಕಳುಹಿಸಿದವರು. ಆದರೆ ಈ ಮಾತನ್ನು ನಾನು ಒಪ್ಪುವುದಿಲ್ಲ. ಒಪ್ಪದಿರುವುದಕ್ಕೆ ಕಾರಣ ಮನೆಯವರ ಮೇಲಿನ ಸಿಟ್ಟಲ್ಲ.

ವಿಶ್ವವಿದ್ಯಾಲಯ ತನ್ನ ವಿದ್ಯಾರ್ಥಿಗೆ ಕೊಡುವ ಅರೆಕಾಲಿಕ ಕೆಲಸ ನೋಡಲು ಕೂಲಿಯಂತಿದೆ. ಗಂಟೆ ಲೆಕ್ಕ ಇದೆ, ಹಾಜರಿ ಪುಸ್ತಕ ಇದೆ, ಮೇಲ್ವಿಚಾರಕರಿದ್ದಾರೆ. ಆದರೆ ಅದು ಹುಟ್ಟಿದ್ದು ನೆರವಾಗಿ. ಓದುವ ಮಗು ಕೈಚಾಚದೆ, ಸಾಲ ಮಾಡದೆ ಓದು ಮುಂದುವರಿಸಲಿ ಎಂದು. ನಮ್ಮ ನೆರೆಯ ಮಹಾರಾಷ್ಟ್ರದಲ್ಲಿ ಭಾವೂರಾವ್ ಪಾಟೀಲರು 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆ ಕಟ್ಟಿದಾಗ ‘ದುಡಿ, ಕಲಿ’ ಎಂಬುದನ್ನು ಅದರ ಬೇರಾಗಿ ಮಾಡಿದರು. ಪುಣೆ ವಿಶ್ವವಿದ್ಯಾಲಯದ ಯೋಜನೆ ಇಂದಿಗೂ ಅವರ ಹೆಸರಿನಲ್ಲೇ ಇದೆ. ರಯತ್ ಸಂಸ್ಥೆಯ ಮಕ್ಕಳು ಹೊಲದಲ್ಲಿ ದುಡಿದದ್ದು ತಮ್ಮ ವಿದ್ಯಾರ್ಥಿನಿಲಯ ನಡೆಯಲಿ, ತಮ್ಮ ಓದು ನಿಲ್ಲದಿರಲಿ ಎಂದು. ವಿಶ್ವವಿದ್ಯಾಲಯ ಧನಸಹಾಯ ಆಯೋಗ 2022ರಲ್ಲಿ ಹೊರಡಿಸಿದ ಕರಡು ಮಾರ್ಗಸೂಚಿಯಲ್ಲೂ ಹಿಂದುಳಿದ ವರ್ಗಗಳ, ಬಡ ಕುಟುಂಬಗಳ ವಿದ್ಯಾರ್ಥಿಗಳಿಗಾಗಿ ಇಂಥ ಕೆಲಸದ ಮಾತಿದೆ. ತರಗತಿಯ ಸಮಯದ ಹೊರಗೆ, ವಾರಕ್ಕೆ 20 ಗಂಟೆ, ತಿಂಗಳಿಗೆ ಹೆಚ್ಚೆಂದರೆ 20 ದಿನ. ಈ ಮಿತಿಗಳು ಕೆಲಸದ ಅನುಕೂಲಕ್ಕೆ ಇಟ್ಟವಲ್ಲ, ಓದಿನ ರಕ್ಷಣೆಗೆ ಇಟ್ಟವು.

ಅಮೆರಿಕದಲ್ಲಿ 1964ರ ಕಾನೂನಿನಿಂದ ಆರಂಭವಾದ ವರ್ಕ್-ಸ್ಟಡಿ ಯೋಜನೆಯ ನಿಯಮಗಳನ್ನು ನಾನು ಹಣಕಾಸು ವಿಭಾಗದವರಿಗೆ ತೋರಿಸಿದ್ದೆ. ಅಲ್ಲಿ ತಿಂಗಳಿಗೆ ಒಮ್ಮೆಯಾದರೂ ವಿದ್ಯಾರ್ಥಿಗೆ ಹಣ ಕೊಡಲೇಬೇಕು. ವಿದ್ಯಾರ್ಥಿ ಬಯಸಿದರೆ ಆ ಹಣವನ್ನು ನೇರವಾಗಿ ಬೋಧನಾ ಶುಲ್ಕಕ್ಕೋ ವಸತಿ ಖರ್ಚಿಗೋ ಜಮೆ ಮಾಡಿಸಿಕೊಳ್ಳಬಹುದು. ಮುಂದಿನ ವರ್ಷದ ನೆರವಿನ ಲೆಕ್ಕ ಹಾಕುವಾಗ ಈ ಗಳಿಕೆಯನ್ನು ಆದಾಯದಿಂದ ಬಿಟ್ಟುಬಿಡುತ್ತಾರೆ. ದುಡಿದ ತಪ್ಪಿಗೆ ನೆರವು ಕಡಿಮೆಯಾಗಬಾರದಲ್ಲ. ಅಂದರೆ ಅಷ್ಟು ದೊಡ್ಡ ವ್ಯವಸ್ಥೆಯೂ ಈ ಹಣವನ್ನು ಸಾಮಾನ್ಯ ಸಂಬಳದಿಂದ ಬೇರೆ ಎಂದೇ ಎಣಿಸುತ್ತದೆ. ಹುಡುಗಿ ಕೇಳಿದ್ದು ಅದಕ್ಕಿಂತ ಹೆಚ್ಚಿನದೇನಲ್ಲ.

ನನ್ನ ಸಹೋದ್ಯೋಗಿ ಓದುವಾಗ ಮನೆಗೆ ಹಣ ಕಳುಹಿಸಿದರು. ನಿಜ. ಅವರೊಂದಿಗೆ ಅದೇ ರೀತಿ ಕಳುಹಿಸುತ್ತಾ, ಶುಲ್ಕ ಕಟ್ಟಲಾಗದೆ, ಎರಡನೆಯ ವರ್ಷಕ್ಕೆ ಬರದೆ ಹೋದವರೂ ಇದ್ದರು. ಅವರು ಇಂದು ನಮ್ಮ ಸಿಬ್ಬಂದಿ ಕೊಠಡಿಯಲ್ಲಿ ಕೂತು ತಮ್ಮ ಅನುಭವ ಹೇಳಲು ಇಲ್ಲ. ಉಳಿದು ಗೆದ್ದವರ ನೆನಪನ್ನೇ ನಿಯಮ ಮಾಡಿಕೊಂಡರೆ ಮುಳುಗಿದವರನ್ನು ನಾವು ಎಣಿಸುವುದೇ ಇಲ್ಲ.

ತಾಯಿಗೆ ಕೊಡಬೇಡ ಎಂದು ನಾನು ಹೇಳಲೂ ಇಲ್ಲ. ಕೊಡುವುದಕ್ಕೂ ತೆಗೆದುಕೊಂಡು ಹೋಗುವುದಕ್ಕೂ ವ್ಯತ್ಯಾಸವಿದೆ. ಏಳು ತಿಂಗಳು ಆ ಹುಡುಗಿ ಮನೆಗೆ ಒಂದು ರೂಪಾಯಿಯನ್ನೂ ಕೊಟ್ಟಿರಲಿಲ್ಲ. ಅವಳ ಕೈಗೆ ಬಂದಿದ್ದರೆ ತಾನೇ ಕೊಡುವುದು? ಈಗ ಪಾಠದ ಹಣದಿಂದ ಕಳುಹಿಸುವ ಸಣ್ಣ ಮೊತ್ತ ಅವಳು ಮೊದಲ ಬಾರಿಗೆ ಕೊಟ್ಟದ್ದು. ಅದನ್ನು ಪಡೆದ ದಿನ ಅವ್ವ ಫೋನ್ ಮಾಡಿ, “ನಿನಗೆ ಇದೆಯೇ?” ಎಂದು ಕೇಳಿದರಂತೆ. ಹಿಂದಿನ ಏಳು ತಿಂಗಳು ಆ ಪ್ರಶ್ನೆ ಬಂದಿರಲಿಲ್ಲ. ಹಣ ಅಣ್ಣನ ಕೈಯಿಂದ ಬರುತ್ತಿದ್ದರಿಂದ ಅದು ಮಗಳದು ಎಂದು ಅವ್ವನಿಗೆ ಅನ್ನಿಸಿಯೇ ಇರಲಿಲ್ಲ.

ಕೆಲಸಕ್ಕೆ ಅರ್ಜಿ ಹಾಕುತ್ತಿರುವ ವಿದ್ಯಾರ್ಥಿಗಳು ಇದನ್ನು ಓದುತ್ತಿದ್ದರೆ ನೇರವಾಗಿ ಹೇಳುತ್ತೇನೆ. ಅರ್ಜಿಯಲ್ಲಿ ಖಾತೆ ಸಂಖ್ಯೆ ಬರೆಯುವ ಮೊದಲು ಆ ಖಾತೆಯ ಕಾರ್ಡ್ ಯಾರ ಕೈಯಲ್ಲಿದೆ, ಆ ಖಾತೆಗೆ ಜೋಡಿಸಿದ ಮೊಬೈಲ್ ಸಂಖ್ಯೆ ಯಾರದು ಎಂದು ನೋಡಿಕೊಳ್ಳಿ. ಕೆಲಸ ಸಿಕ್ಕ ದಿನವೇ, ಮೊದಲ ಹಣ ಬರುವ ಮೊದಲೇ, ಮನೆಯಲ್ಲಿ ಹೇಳಿ: ಇದು ನೌಕರಿಯಲ್ಲ, ಶುಲ್ಕದ ಹಣ, ಓದು ನಿಂತರೆ ಇದೂ ನಿಲ್ಲುತ್ತದೆ. ಮೊದಲ ತಿಂಗಳು ಹೇಳಿದರೆ ಅದು ಸುದ್ದಿ, ಏಳನೆಯ ತಿಂಗಳು ಹೇಳಿದರೆ ಜಗಳ. ಪರೀಕ್ಷೆಯ ತಿಂಗಳಲ್ಲಿ ಗಂಟೆ ಕಡಿಮೆ ಮಾಡಿಕೊಳ್ಳಬಹುದೇ ಎಂದು ಸೇರುವಾಗಲೇ ಕೇಳಿ, ಬರಹದಲ್ಲಿ ಪಡೆಯಿರಿ. ಕೆಲಸ ಮಾಡುವವರಿಗೆ ವಿದ್ಯಾರ್ಥಿವೇತನ ಸಿಗುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ನಿಯಮವನ್ನು ನೀವೇ ಓದಿ. ಈ ಹುಡುಗಿ ಅಂಥ ಒಂದು ಮಾತನ್ನು ನಂಬಿ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿಯನ್ನೇ ಹಾಕಿರಲಿಲ್ಲ. ನಾವಿಬ್ಬರೂ ಕೂತು ಓದಿದೆವು. ಅವಳಿಗೆ ಅನ್ವಯಿಸುವ ಯೋಜನೆಯಲ್ಲಿ ಹಾಗೆಂದು ಎಲ್ಲಿಯೂ ಇರಲಿಲ್ಲ.

ಮನೆಯವರಿಗೆ ಏನು ಹೇಳಲಿ? ದೂರುವ ಮನಸ್ಸಿಲ್ಲ. ಆ ಅಣ್ಣ ಎಸ್ಸೆಸ್ಸೆಲ್ಸಿಗೆ ಶಾಲೆ ಬಿಟ್ಟು ತಂಗಿಯನ್ನು ಓದಿಸಿದವರು. ಅವರಿಗೂ ಯಾರಾದರೂ ಆಗ ಇಂಥದೊಂದು ಕೆಲಸ ಕೊಟ್ಟಿದ್ದರೆ ಎಂದು ಅವರ ದನಿ ಕೇಳಿದಾಗ ಅನ್ನಿಸಿತು. ತಿಂಗಳ ಫೋನ್ ಕರೆಯಲ್ಲಿ ‘ಸಂಬಳ ಬಂತೇ’ ಎನ್ನುವ ಮೊದಲು ‘ಪರೀಕ್ಷೆ ಯಾವಾಗ’ ಎಂದು ಕೇಳಿ. ಅಷ್ಟನ್ನು ಮಾತ್ರ ಕೇಳಿಕೊಳ್ಳುತ್ತೇನೆ.

ವಿಶ್ವವಿದ್ಯಾಲಯಗಳದೂ ತಪ್ಪಿದೆ. ಕೆಲಸ ಕೊಡುವಾಗ ಗಂಟೆ ಲೆಕ್ಕ ನೋಡುತ್ತೇವೆ, ಶುಲ್ಕ ಕಟ್ಟಿದ್ದಾಳೆಯೇ ಎಂದು ನೋಡುವುದಿಲ್ಲ. ಗ್ರಂಥಾಲಯದ ಹಾಜರಿ ಒಂದು ಕಚೇರಿಯಲ್ಲಿ, ತರಗತಿಯ ಹಾಜರಿ ಇನ್ನೊಂದರಲ್ಲಿ, ಶುಲ್ಕದ ಬಾಕಿ ಮತ್ತೊಂದರಲ್ಲಿ. ಮೂರನ್ನೂ ಒಂದೇ ಹಾಳೆಯಲ್ಲಿ ಇಟ್ಟು ನೋಡುವವರು ಒಬ್ಬರಿದ್ದಿದ್ದರೆ ಈ ಹುಡುಗಿ ಎರಡನೆಯ ತಿಂಗಳಲ್ಲೇ ನನ್ನ ಮುಂದೆ ಕೂತಿರುತ್ತಿದ್ದಳು. ಶುಲ್ಕಕ್ಕೆ ನೇರವಾಗಿ ಹೊಂದಿಸಿಕೊಳ್ಳುವ ಆಯ್ಕೆಯನ್ನು ಕೆಲಸದ ಅರ್ಜಿಯಲ್ಲೇ ಒಂದು ಸಾಲಾಗಿ ಸೇರಿಸಿ ಎಂದು ಬರೆದುಕೊಟ್ಟಿದ್ದೇನೆ. ಕಡ್ಡಾಯ ಮಾಡಬೇಡಿ ಎಂದೂ ಬರೆದಿದ್ದೇನೆ. ಆಯ್ಕೆ ವಿದ್ಯಾರ್ಥಿಯದಾಗಿರಬೇಕು. ಅಣ್ಣನ ಕೈಯಿಂದ ಬಿಡಿಸಿ ಕಚೇರಿಯ ಕೈಗೆ ಕೊಟ್ಟರೆ ಅವಳ ಕೈಗೆ ಬಂದಂತಾಗುವುದಿಲ್ಲ.

ಹುಡುಗಿ ದಂಡದೊಂದಿಗೆ ಪರೀಕ್ಷಾ ಶುಲ್ಕ ಕಟ್ಟಿದಳು. ಹಾಜರಾತಿ ಕೊರತೆಗೆ ವಿಭಾಗ ಒಂದು ಅವಕಾಶ ಕೊಟ್ಟಿದೆ. ಬಾಕಿ ಇದ್ದ ಬೋಧನಾ ಶುಲ್ಕ ತಿಂಗಳು ತಿಂಗಳು ಇಳಿಯುತ್ತಿದೆ. ಅಣ್ಣ ಮಾತನಾಡುವುದನ್ನು ನಿಲ್ಲಿಸಿದ್ದಾರೆ. ಇದನ್ನು ಹೇಳುವಾಗ ಅವಳ ಕಣ್ಣು ತುಂಬುತ್ತದೆ. ಸರಿಯಾಗುತ್ತದೆ ಎಂದು ನಾನು ಭರವಸೆ ಕೊಟ್ಟಿಲ್ಲ.

ಈಗ ಉಳಿದಿರುವ ತೊಡಕು ಬ್ಯಾಂಕಿನದು. ತಡವಾಗಿಯಾದರೂ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದ್ದೇವೆ. ಆ ಹಣ ಆಧಾರ್‌ಗೆ ಜೋಡಣೆಯಾದ ಖಾತೆಗೇ ಬರುತ್ತದೆ. ಹೊಸ ಖಾತೆ ತೆರೆದರೆ ಸಾಲದು, ಆಧಾರ್ ಜೋಡಣೆಯನ್ನೂ ಹೊಸ ಖಾತೆಗೆ ಬದಲಿಸಬೇಕು, ಅದಕ್ಕೆ ಬ್ಯಾಂಕಿನಲ್ಲಿ ಪ್ರತ್ಯೇಕ ಒಪ್ಪಿಗೆ ಪತ್ರ ಕೊಡಬೇಕು. ಇದು ನನಗೂ ಮೊದಲು ತಿಳಿದಿರಲಿಲ್ಲ. ಎರಡು ಸಲ ಹೋಗಿ ಬಂದಳು, ಇನ್ನೂ ಹಳೆಯ ಖಾತೆಯನ್ನೇ ತೋರಿಸುತ್ತಿದೆ. ಅದರ ಕಾರ್ಡ್ ಊರಿನಲ್ಲಿ, ದೇವರ ಗೂಡಿನಲ್ಲೇ ಇದೆ. ಸೋಮವಾರ ಮತ್ತೆ ಹೋಗಬೇಕು. ಹತ್ತಕ್ಕೆ ಬ್ಯಾಂಕ್ ತೆರೆಯುತ್ತದೆ, ಹನ್ನೊಂದಕ್ಕೆ ಅವಳಿಗೆ ಪ್ರಯೋಗಾಲಯದ ತರಗತಿ ಇದೆ. ಈ ಸಲ ನಾನೂ ಜೊತೆಗೆ ಹೋಗುತ್ತೇನೆ.